ಕೋತಿಯ ತಲೆಯಲ್ಲಿ ಚಲನೆಯ ವಿಳಾಸ

1860ರಲ್ಲಿ ಸಿನ್‌ಸ್ಟೆಡೆನ್ ಎಂಬ ಜರ್ಮನ್ ವೈದ್ಯ ಒಂದು ಸಣ್ಣ ಸಂಗತಿಯನ್ನು ಬರೆದಿಟ್ಟ. ಸಂಜೆಯ ಮಬ್ಬಿನಲ್ಲಿ ದೂರದ ಗಾಳಿಗಿರಣಿ ಆಕಾಶಕ್ಕೆ ಎದುರಾಗಿ ಬರೀ ಕಪ್ಪು ಆಕಾರವಾಗಿ ಕಾಣುತ್ತಿತ್ತು. ನೋಡನೋಡುತ್ತಲೇ ಅದರ ರೆಕ್ಕೆಗಳು ಒಮ್ಮೆ ಬಲಕ್ಕೆ, ಇನ್ನೊಮ್ಮೆ ಎಡಕ್ಕೆ ಸುತ್ತಿದಂತೆ ಕಂಡವು. ಗಾಳಿ ದಿಕ್ಕು ಬದಲಿಸಿರಲಿಲ್ಲ, ಗಿರಣಿ ತನ್ನ ಪಾಡಿಗೆ ಒಂದೇ ಕಡೆ ತಿರುಗುತ್ತಿತ್ತು. ಬದಲಾದದ್ದು ನೋಡುವವನ ತಲೆಯೊಳಗಿನ ಲೆಕ್ಕ ಮಾತ್ರ.

ಅನಂತಪುರ ಜಿಲ್ಲೆಯ ಬೆಳುಗುಪ್ಪದ ಸುತ್ತಿನ ಬಯಲಲ್ಲಿ ಈಗ ಗಾಳಿಯಿಂದ ಕರೆಂಟು ತೆಗೆಯುವ ಎತ್ತರದ ಕಂಬಗಳು ಎದ್ದಿವೆ. ಹೊತ್ತು ಮುಳುಗುವ ಸಮಯದಲ್ಲಿ, ಸೂರ್ಯ ಕಂಬದ ಹಿಂಬದಿಗೆ ಇಳಿದಾಗ, ಸ್ವಲ್ಪ ಓರೆಗೆ ನಿಂತು ದೂರದ ಕಂಬವೊಂದನ್ನು ನಿಟ್ಟಿಸಿದರೆ ಸಿನ್‌ಸ್ಟೆಡೆನ್ ಕಂಡದ್ದು ಯಾರಿಗಾದರೂ ಕಂಡೀತು. ಮೂರು ಉದ್ದನೆಯ ಅಲಗುಗಳು ಇದ್ದಕ್ಕಿದ್ದಂತೆ ಹಿಂದುಮುಂದಾಗಿ ಸುತ್ತತೊಡಗುತ್ತವೆ. ಯಾವ ಅಲಗು ನಮ್ಮ ಕಡೆಗೆ ಬರುತ್ತಿದೆ, ಯಾವುದು ಆಚೆ ಹೋಗುತ್ತಿದೆ ಎಂಬ ಸುಳಿವು ಆ ಕಪ್ಪು ಆಕಾರದಲ್ಲಿ ಉಳಿದಿರುವುದಿಲ್ಲ. ಎರಡು ಉತ್ತರಗಳೂ ಸರಿಹೊಂದುತ್ತವೆ. ಮಿದುಳು ಒಂದನ್ನು ಆರಿಸಿಕೊಳ್ಳುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದಕ್ಕೆ ಹೊರಳುತ್ತದೆ.

ಬೆಳುಗುಪ್ಪ, ರಾಯದುರ್ಗ, ಮಡಕಶಿರಾಗಳ ಈ ಗಡಿಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಅಂಗಳದಲ್ಲಿ ಬೆಳೆದಿವೆ. ರಾಯದುರ್ಗವಂತೂ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಗಡಿಯ ಎರಡೂ ಕಡೆಯ ಬಂಡೆಗುಡ್ಡಗಳಲ್ಲಿ, ಗುಡಿಗಳ ಮುಂದೆ, ಕಡಲೆಕಾಯಿ ಹೊಲಗಳ ಅಂಚಿನಲ್ಲಿ ಓಡಾಡುವ ಕೋತಿ ಒಂದೇ. ನೆತ್ತಿಯ ನಡುವಿನಿಂದ ಸುತ್ತಲೂ ಹರಡಿದ ಕೂದಲು, ಉದ್ದನೆಯ ಬಾಲ. ಪ್ರಾಣಿಶಾಸ್ತ್ರದಲ್ಲಿ ಮಕಾಕಾ ರೇಡಿಯೇಟಾ. ಹೊಲ ಕಾಯುವವರಿಗೆ ಅದು ತಲೆನೋವು. ಆದರೆ ಕಣ್ಣಿಗೆ ಬಿದ್ದ ಬೆಳಕು ‘ನೋಟ’ವಾಗುವುದು ಹೇಗೆ ಎಂಬ ಪ್ರಶ್ನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ತರ ಹುಡುಕಲು ನೆರವಾಗುತ್ತಿರುವುದೂ ಇದೇ ಕೋತಿ. ಅದು ಅಲ್ಲಿಗೆ ಬಂದು ಸೇರುವ ಮೊದಲು ಈ ಹುಡುಕಾಟ ನೂರೈವತ್ತು ವರ್ಷಗಳ ದಾರಿ ನಡೆದಿತ್ತು. ಆ ದಾರಿಯಲ್ಲಿ ಯುದ್ಧಗಳಿವೆ, ಗುಂಡೇಟು ತಿಂದ ಸಿಪಾಯಿಗಳಿದ್ದಾರೆ, ಭಾರತದಿಂದ ಪೆಟ್ಟಿಗೆಗಳಲ್ಲಿ ಸಾಗಿಹೋದ ಲಕ್ಷಾಂತರ ಕೋತಿಗಳಿವೆ.

ಮೊದಲಿಗೆ ಎಲ್ಲರೂ ನಂಬಿದ್ದು ಸರಳವಾದ ಒಂದು ಮಾತನ್ನು. ಒಂದು ವಸ್ತು ಈಗ ಇಲ್ಲಿದೆ, ಆಮೇಲೆ ಅಲ್ಲಿದೆ; ಮನಸ್ಸು ಈ ಎರಡನ್ನು ಜೋಡಿಸಿ ‘ಚಲಿಸಿತು’ ಎಂದು ತೀರ್ಮಾನಿಸುತ್ತದೆ. ಅಂದರೆ ಚಲನೆ ಎಂಬುದು ನೇರವಾಗಿ ಕಾಣುವಂಥದ್ದಲ್ಲ, ಊಹಿಸಿಕೊಳ್ಳುವಂಥದ್ದು. 1875ರಲ್ಲಿ ವಿಯೆನ್ನಾದ ಸಿಗ್ಮಂಡ್ ಎಕ್ಸ್‌ನರ್ ಈ ನಂಬಿಕೆಗೆ ಪೆಟ್ಟು ಕೊಟ್ಟ. ತೀರಾ ಹತ್ತಿರದ ಎರಡು ಬಿಂದುಗಳಲ್ಲಿ ಒಂದರ ಹಿಂದೆ ಒಂದು ವಿದ್ಯುತ್ ಕಿಡಿ ಹಾರಿಸಿ ತೋರಿಸಿದ. ಎರಡು ಕಿಡಿಗಳು ಬೇರೆಬೇರೆ ಎಂದು ಗುರುತಿಸಲಾರದಷ್ಟು ಅವು ಹತ್ತಿರವಿದ್ದಾಗಲೂ ನೋಡುಗರು ಕಿಡಿ ಯಾವ ಕಡೆಗೆ ಸರಿಯಿತು ಎಂದು ಹೇಳಬಲ್ಲವರಾಗಿದ್ದರು. ‘ಇಲ್ಲಿ’ ಮತ್ತು ‘ಅಲ್ಲಿ’ ಬೇರೆಯಾಗಿ ಕಾಣದೆ ಇದ್ದಾಗಲೂ ಚಲನೆ ಕಂಡಿತು. ಹಾಗಾದರೆ ಬಣ್ಣ ಕಂಡಂತೆ ಚಲನೆಯೂ ತನ್ನಷ್ಟಕ್ಕೆ ಒಂದು ಅನುಭವ. ಅದಕ್ಕೆ ಮಿದುಳಿನಲ್ಲಿ ತನ್ನದೇ ಒಂದು ಜಾಗ ಇರಬೇಕಲ್ಲವೇ?

ಆಗ ನೋಟಕ್ಕೇ ಮಿದುಳಿನಲ್ಲಿ ಯಾವ ಜಾಗ ಎಂಬುದು ಇತ್ಯರ್ಥವಾಗಿರಲಿಲ್ಲ. ಲಂಡನ್ನಿನ ಡೇವಿಡ್ ಫೆರಿಯರ್ ಕೋತಿಗಳ ಮಿದುಳನ್ನು ಅಲ್ಲಲ್ಲಿ ವಿದ್ಯುತ್ತಿನಿಂದ ತಟ್ಟಿ ನೋಡುತ್ತಿದ್ದ. ಮುಂಭಾಗದ ಒಂದು ಜಾಗವನ್ನು ತಟ್ಟಿದಾಗ ಕೋತಿಯ ಕಣ್ಣುಗುಡ್ಡೆಗಳು ಪಕ್ಕಕ್ಕೆ ಹೊರಳುತ್ತಿದ್ದವು. ಅದು ಸರಿಯಾದ ಶೋಧ. ಆದರೆ ನೋಟದ ಕೇಂದ್ರವನ್ನು ಅವನು ಮಿದುಳಿನ ಪಕ್ಕದ ಮಡಿಕೆಯೊಂದರಲ್ಲಿ ಇದೆ ಎಂದ, ಅದು ತಪ್ಪಾಗಿತ್ತು. ಬರ್ಲಿನ್ನಿನ ಹರ್ಮನ್ ಮುಂಕ್ ನಾಯಿ, ಕೋತಿಗಳ ಮೇಲೆ ಪ್ರಯೋಗ ಮಾಡಿ, ನೋಟ ಇರುವುದು ತಲೆಯ ಹಿಂಭಾಗದಲ್ಲಿ ಎಂದು ಪಟ್ಟು ಹಿಡಿದ. ಇಬ್ಬರ ನಡುವಿನ ಜಗಳ ಕಟುವಾಗಿತ್ತು. ಕೊನೆಗೆ ಉಳಿದದ್ದು ಮುಂಕ್ ಹೇಳಿದ್ದು.

ಅದನ್ನು ಮನುಷ್ಯರಲ್ಲಿ ಖಚಿತಪಡಿಸಿದ್ದು ಬಂದೂಕು. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ರಷ್ಯನ್ನರ ಹೊಸ ಬಂದೂಕಿನ ಗುಂಡು ಸಣ್ಣದು, ಅದರ ವೇಗ ಹೆಚ್ಚು. ಎಷ್ಟೋ ಸಲ ಅದು ತಲೆಬುರುಡೆಯನ್ನು ಚೂರಾಗಿಸದೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತಿತ್ತು. ಬದುಕಿ ಉಳಿದ ಜಪಾನಿ ಸಿಪಾಯಿಗಳಿಗೆ ದೃಷ್ಟಿಯ ಒಂದೊಂದು ಭಾಗ ಕುರುಡಾಗಿತ್ತು. ಅವರಿಗೆ ಎಷ್ಟು ಪಿಂಚಣಿ ಕೊಡಬೇಕು ಎಂದು ಲೆಕ್ಕ ಹಾಕಲು ಕಣ್ಣಿನ ವೈದ್ಯ ತತ್ಸುಜಿ ಇನೊಯೆಗೆ ಹೇಳಲಾಯಿತು. ಅವನು ಲೆಕ್ಕಕ್ಕಷ್ಟೇ ನಿಲ್ಲಲಿಲ್ಲ. ಗುಂಡು ಹೊಕ್ಕ ತೂತು, ಹೊರಬಿದ್ದ ತೂತು ಎರಡನ್ನೂ ಅಳೆಯಲು ತಾನೇ ಒಂದು ಉಪಕರಣ ಮಾಡಿಕೊಂಡು, ಮಿದುಳಿನೊಳಗೆ ಗುಂಡು ಸಾಗಿದ ದಾರಿಯನ್ನು ಗುರುತಿಸಿ, ಆ ಸಿಪಾಯಿಗೆ ಕಾಣದೆ ಹೋದ ಭಾಗದ ಜೊತೆ ತಾಳೆ ನೋಡಿದ. 29 ಮಂದಿಯ ಈ ಅಧ್ಯಯನ 1909ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ನಾವು ನೋಡುವ ನೋಟದ ಮಧ್ಯಭಾಗಕ್ಕೆ ಮಿದುಳಿನ ಹಿಂಬದಿಯಲ್ಲಿ ಬಹಳ ದೊಡ್ಡ ಜಾಗ ಮೀಸಲು, ಅಂಚಿನ ನೋಟಕ್ಕೆ ಕಡಿಮೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಹತ್ತು ವರ್ಷದೊಳಗೆ ಇನ್ನೂ ದೊಡ್ಡ ಯುದ್ಧ ಬಂತು. ಬ್ರಿಟಿಷ್ ಸಿಪಾಯಿಗಳ ಉಕ್ಕಿನ ಶಿರಸ್ತ್ರಾಣ ತಲೆಯ ಹಿಂಭಾಗವನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಗಾರ್ಡನ್ ಹೋಮ್ಸ್ ಎಂಬ ನರವೈದ್ಯ ಫ್ರಾನ್ಸಿನ ಸೇನಾ ಆಸ್ಪತ್ರೆಗಳಲ್ಲಿ ಇಂಥ ಗಾಯಾಳುಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ಇನೊಯೆಗಿಂತ ವಿವರವಾದ ನಕ್ಷೆ ಬರೆದ. ಅದೇ ಸಮಯದಲ್ಲಿ ಲಂಡನ್ನಿನಲ್ಲಿದ್ದ ಜಾರ್ಜ್ ರಿಡಾಕ್ ಎಂಬ ಯುವ ಸೇನಾ ವೈದ್ಯ ಒಂದು ಬೇರೆಯದೇ ಸಂಗತಿಯನ್ನು ಗಮನಿಸಿದ. ಅವನ ರೋಗಿಗಳಲ್ಲಿ ಕೆಲವರಿಗೆ ದೃಷ್ಟಿಯ ಅರ್ಧ ಭಾಗ ಪೂರ್ತಿ ಹೋಗಿತ್ತು. ಆ ಅರ್ಧದಲ್ಲಿ ಬಿಳಿ ಹಾಳೆ ಹಿಡಿದರೆ ಏನೂ ಕಾಣದು. ಹಾಳೆಯನ್ನು ಅಲ್ಲಾಡಿಸಿದರೆ ಮಾತ್ರ ಅವರು ಥಟ್ಟನೆ ಹೇಳುತ್ತಿದ್ದರು, ಅಲ್ಲೇನೋ ಅಲುಗಿತು ಎಂದು. ಏನು? ಗೊತ್ತಿಲ್ಲ. ಯಾವ ಬಣ್ಣ? ಗೊತ್ತಿಲ್ಲ. ಆಕಾರ? ಅದೂ ಇಲ್ಲ. ವಸ್ತುವಿಲ್ಲದ ಬರೀ ಅಲುಗಾಟ.

1917ರಲ್ಲಿ ರಿಡಾಕ್ ಇದನ್ನು ಪ್ರಕಟಿಸಿದ. ಚಲನೆಯ ನೋಟ ಉಳಿದ ನೋಟಕ್ಕಿಂತ ಬೇರೆ, ಒಂದು ಹೋದರೂ ಇನ್ನೊಂದು ಉಳಿಯಬಹುದು ಎಂಬುದು ಅವನ ವಾದ. ಹೋಮ್ಸ್ ಒಪ್ಪಲಿಲ್ಲ. ಆ ಕಾಲಕ್ಕೆ ಹೋಮ್ಸ್ ಮಾತೇ ಅಂತಿಮ. ಹೀಗಾಗಿ ಕಿರಿಯ ವೈದ್ಯನೊಬ್ಬ ಹಾಸಿಗೆಯ ಪಕ್ಕದಲ್ಲಿ ನಿಂತು ಸರಿಯಾಗಿ ಕಂಡದ್ದು ಐವತ್ತಕ್ಕೂ ಹೆಚ್ಚು ವರ್ಷ ಮೂಲೆಗೆ ಬಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಇದು ನಿಜಕ್ಕೂ ಸಂಕಟ ತರುವ ಪ್ರಸಂಗ. ಆ ಸಿಪಾಯಿಗಳು ಹೇಳಿದ್ದನ್ನು ಅಂದೇ ನಂಬಿದ್ದರೆ ಮುಂದಿನ ದಾರಿ ಅರ್ಧಕ್ಕರ್ಧ ಹತ್ತಿರವಾಗುತ್ತಿತ್ತು.

ಮತ್ತೆ ಬಾಗಿಲು ತೆರೆದದ್ದು ಒಂದೊಂದೇ ನರಕೋಶದ ಮಾತನ್ನು ಕೇಳುವ ತಂತ್ರ ಕೈಗೆ ಬಂದ ಮೇಲೆ. ಕೂದಲಿಗಿಂತ ಸಪೂರವಾದ ಮೊನೆಯುಳ್ಳ ತಂತಿಯನ್ನು ಮಿದುಳಿಗೆ ಇಳಿಸಿದರೆ ಪಕ್ಕದ ಕೋಶ ಮಿಡಿದಾಗಲೆಲ್ಲ ಸ್ಪೀಕರಿನಲ್ಲಿ ‘ಟಕ್’ ಎಂಬ ಸದ್ದು ಬರುತ್ತದೆ. 1958ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನಲ್ಲಿ ಹೀಗೆ ಕಿವಿಗೊಟ್ಟಿದ್ದರು. ಚುಕ್ಕೆಗಳಿದ್ದ ಗಾಜಿನ ಸ್ಲೈಡುಗಳನ್ನು ಒಂದಾದ ಮೇಲೊಂದು ತೋರಿಸಿದರೂ ಕೋಶ ಮಿಸುಕಲಿಲ್ಲ. ಸ್ಲೈಡನ್ನು ಯಂತ್ರದೊಳಗೆ ತಳ್ಳುವಾಗ ಮಾತ್ರ ಅದು ಪಟಪಟನೆ ಸಿಡಿಯತೊಡಗಿತು. ಗಾಜಿನ ಅಂಚಿನ ತೆಳು ನೆರಳು ಪರದೆಯ ಮೇಲೆ ಸರಿದುಹೋದದ್ದೇ ಅದಕ್ಕೆ ಬೇಕಾಗಿದ್ದ ಪ್ರಚೋದನೆ. ಒಂದು ಗೆರೆ, ಒಂದು ಓರೆ, ಒಂದು ಸರಿದಾಟ. ಕೆಲವು ಕೋಶಗಳು ಗೆರೆ ಒಂದು ದಿಕ್ಕಿಗೆ ಸರಿದರೆ ಮಿಡಿಯುತ್ತಿದ್ದವು, ಎದುರು ದಿಕ್ಕಿಗೆ ಸರಿದರೆ ಸುಮ್ಮನಿರುತ್ತಿದ್ದವು. ಮುಂದೆ ಹಾರ್ವರ್ಡಿನಲ್ಲಿ ಇದೇ ಕೆಲಸವನ್ನು ಕೋತಿಗಳ ಮೇಲೆ ಮಾಡಿದರು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆ ಕೋತಿಗಳು ಎಲ್ಲಿಂದ ಬರುತ್ತಿದ್ದವು? ಅಂದಿನ ಅಮೆರಿಕ, ಬ್ರಿಟನ್ನಿನ ಪ್ರಯೋಗಾಲಯಗಳಿಗೆ ಬೇಕಾದ ರೀಸಸ್ ಕೋತಿಗಳು ಬಹುಪಾಲು ಉತ್ತರ ಭಾರತದವು. ಪೋಲಿಯೋ ಲಸಿಕೆ ತಯಾರಿಸಲು ಕೋತಿಯ ಮೂತ್ರಪಿಂಡದ ಕೋಶಗಳು ಬೇಕಾಗಿದ್ದ 1950ರ ದಶಕದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕೋತಿಗಳು ಇಲ್ಲಿಂದ ಹೊರಹೋದದ್ದುಂಟು. ಹಳ್ಳಿ, ಪೇಟೆ, ರೈಲು ನಿಲ್ದಾಣಗಳಲ್ಲಿ ಹಿಡಿದು, ಪೆಟ್ಟಿಗೆಗೆ ತುಂಬಿ, ವಿಮಾನಕ್ಕೆ ಏರಿಸುತ್ತಿದ್ದರು. 1955ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಸುಮಾರು 400 ಕೋತಿಗಳು ವಾಹನವೊಂದರೊಳಗೆ ಉಸಿರುಕಟ್ಟಿ ಸತ್ತವು. ಸುದ್ದಿ ತಿಳಿದು ಭಾರತ ಸರ್ಕಾರ ಕೆಲಕಾಲ ರಫ್ತು ನಿಲ್ಲಿಸಿತು, ಮತ್ತೆ ಷರತ್ತು ಹಾಕಿ ಬಿಟ್ಟಿತು. ವೈದ್ಯಕೀಯ ಸಂಶೋಧನೆಗೆ ಮಾತ್ರ ಎಂಬುದು ಷರತ್ತು. ಅಮೆರಿಕದ ಸೇನೆ ವಿಕಿರಣ ಪರೀಕ್ಷೆಗೂ ಅವನ್ನು ಬಳಸುತ್ತಿದೆ ಎಂಬುದು ಹೊರಬಿದ್ದಾಗ ಮೊರಾರ್ಜಿ ದೇಸಾಯಿ ಸರ್ಕಾರ ರಫ್ತನ್ನು ಪೂರ್ತಿ ನಿಷೇಧಿಸಿತು. ಆ ಆದೇಶ 1978ರ ಏಪ್ರಿಲ್ 1ರಂದು ಜಾರಿಗೆ ಬಂತು.

ಚಲನೆಯ ಜಾಗ ಸಿಕ್ಕಿದ್ದು ಆ ಬಾಗಿಲು ಮುಚ್ಚುವುದಕ್ಕೆ ಸ್ವಲ್ಪ ಮೊದಲು. 1971ರಲ್ಲಿ ಅಮೆರಿಕದ ಜಾನ್ ಆಲ್ಮನ್ ಮತ್ತು ಜಾನ್ ಕಾಸ್ ದಕ್ಷಿಣ ಅಮೆರಿಕದ ಗೂಬೆಕೋತಿಯ ಮಿದುಳಿನಲ್ಲಿ, ಕಪಾಲದ ಬದಿಯ ಹಾಲೆಯ ನಡುಭಾಗದಲ್ಲಿ, ಕಣ್ಣಿಗೆ ಕಾಣುವ ಇಡೀ ನೋಟದ ಇನ್ನೊಂದು ನಕ್ಷೆ ಇದೆ ಎಂದು ತೋರಿಸಿ ಅದನ್ನು ‘ಎಂಟಿ’ ಎಂದು ಕರೆದರು. ಅದೇ ವರ್ಷ ರೊನಾಲ್ಡ್ ಡಬ್ನರ್ ಮತ್ತು ಸೆಮಿರ್ ಝೆಕಿ ಮಕಾಕ್ ಕೋತಿಯಲ್ಲಿ ಅದಕ್ಕೆ ಸಮನಾದ ಜಾಗದ ಕೋಶಗಳು ಚಲನೆಯ ದಿಕ್ಕಿಗೆ ಮಿಡಿಯುತ್ತವೆ ಎಂದರು. 1974ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಝೆಕಿ ರೀಸಸ್ ಕೋತಿಯ ಮೇಲೆ ಮಾಡಿದ ವಿವರವಾದ ಅಧ್ಯಯನ ಪ್ರಕಟಿಸಿದರು. ಮಿದುಳಿನ ಆ ಒಂದು ಮಡಿಕೆಯ ಗೋಡೆಯಲ್ಲಿ ತಂತಿ ಎಲ್ಲಿ ಇಳಿಸಿದರೂ ಸಿಕ್ಕ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ವಸ್ತುವಿನ ಬಣ್ಣ ಅವಕ್ಕೆ ಬೇಡ. ಆಕಾರದ ಗೊಡವೆಯೂ ಅಷ್ಟಾಗಿ ಇಲ್ಲ. ಎತ್ತ ಸರಿಯುತ್ತಿದೆ ಎಂಬುದಷ್ಟೇ ಬೇಕು. ರಿಡಾಕ್‌ನ ಸಿಪಾಯಿಗಳು ಕಂಡ, ವಸ್ತುವಿಲ್ಲದ ಅಲುಗಾಟಕ್ಕೆ ಕೊನೆಗೂ ಒಂದು ವಿಳಾಸ ಸಿಕ್ಕಿತು. ಮಿದುಳಿನ ಹಿಂಭಾಗದ ಮೊದಲ ದೃಷ್ಟಿಕ್ಷೇತ್ರದಿಂದ ಅಲ್ಲಿಗೆ ನೇರವಾದ, ವೇಗದ ನರಮಾರ್ಗವೂ ಇದೆ.

ಅದೇ ದಶಕದಲ್ಲಿ, 1978ರಲ್ಲಿ, ಜರ್ಮನಿಯ 43 ವರ್ಷದ ಮಹಿಳೆಯೊಬ್ಬರಿಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ವೈದ್ಯಕೀಯ ಸಾಹಿತ್ಯದಲ್ಲಿ ಅವರು ಎಲ್.ಎಂ. ಎಂದಷ್ಟೇ ಪರಿಚಿತರು. ಚೇತರಿಸಿಕೊಂಡ ಮೇಲೆ ಅವರಿಗೆ ಬಣ್ಣ ಕಾಣುತ್ತಿತ್ತು, ಮುಖಗಳ ಗುರುತು ಸಿಗುತ್ತಿತ್ತು, ಓದಲು ಬರುತ್ತಿತ್ತು. ಹೋಗಿದ್ದು ಚಲನೆ ಒಂದೇ. ಕಪ್ಪಿಗೆ ಚಹಾ ಸುರಿದರೆ ಧಾರೆ ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು. ಮಟ್ಟ ಏರುವುದು ಕಾಣದೆ ಕಪ್ಪು ತುಂಬಿ ಹರಿಯುತ್ತಿತ್ತು. ರಸ್ತೆ ದಾಟುವಾಗ ದೂರದಲ್ಲಿದ್ದ ಕಾರು ನಡುವಿನ ದಾರಿಯನ್ನು ಕ್ರಮಿಸದೆಯೇ ಥಟ್ಟನೆ ಎದುರಿಗೆ ಬಂದು ನಿಂತಿರುತ್ತಿತ್ತು. ಕೋಣೆಯಲ್ಲಿ ನಾಲ್ಕು ಜನ ಓಡಾಡಿದರೆ ತಲೆ ಕೆಡುತ್ತಿತ್ತು: ಇಲ್ಲಿದ್ದವರು ಅಲ್ಲಿ, ಅಲ್ಲಿದ್ದವರು ಇಲ್ಲಿ, ನಡುವೆ ಯಾರೂ ನಡೆದದ್ದು ಕಂಡಿಲ್ಲ. ಕೊನೆಗೆ ಅವರು ಕಾರಿನ ಸದ್ದು ಕೇಳಿ ದೂರವನ್ನು ಅಂದಾಜು ಮಾಡುವುದನ್ನು ಕಲಿತರು. ಜೋಸೆಫ್ ಝಿಲ್ ಮತ್ತು ಸಂಗಡಿಗರು ಮ್ಯೂನಿಕ್‌ನಲ್ಲಿ ಅವರನ್ನು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ ಲೇಖನ ಇವತ್ತಿಗೂ ಓದುವವರನ್ನು ಹಿಡಿದು ನಿಲ್ಲಿಸುತ್ತದೆ. ಮಿದುಳಿನ ಎರಡೂ ಬದಿಯಲ್ಲಿ ಅವರಿಗೆ ಪೆಟ್ಟಾಗಿದ್ದ ಜಾಗ, ಝೆಕಿ ಕೋತಿಯಲ್ಲಿ ಗುರುತಿಸಿದ್ದಕ್ಕೆ ಸರಿಹೊಂದುವ ಪ್ರದೇಶದಲ್ಲೇ ಇತ್ತು. ಎಕ್ಸ್‌ನರ್ ಹೇಳಿದ್ದು ಸರಿ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ: ಚಲನೆ ಬರೀ ಊಹೆಯಾಗಿದ್ದರೆ, ಸ್ಥಾನಗಳನ್ನೆಲ್ಲ ಸರಿಯಾಗಿ ಕಾಣಬಲ್ಲ ಎಲ್.ಎಂ. ಅದನ್ನೂ ಊಹಿಸಿಕೊಳ್ಳುತ್ತಿದ್ದರು.

ಆದರೂ ಸಂಶಯಕ್ಕೆ ಒಂದು ಎಡೆ ಉಳಿದಿತ್ತು. ಕೋಶಗಳು ಮಿಡಿಯುತ್ತವೆ, ಸರಿ. ಆ ಮಿಡಿತವೇ ನೋಟವೋ, ಅಥವಾ ನೋಟದ ಜೊತೆಗೆ ಆಗುವ ಇನ್ನೇನೋ? ಇದನ್ನು ಬಿಡಿಸಿದ್ದು ಅಮೆರಿಕದ ವಿಲಿಯಂ ನ್ಯೂಸಮ್ ಮತ್ತು ಅವರ ಸಂಗಡಿಗರು. ಅವರ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಪರದೆಯ ಮೇಲೆ ನೂರಾರು ಚುಕ್ಕೆಗಳು. ಬಹುಪಾಲು ದಿಕ್ಕಿಲ್ಲದೆ ಅತ್ತಿತ್ತ ಹಾರುತ್ತವೆ. ಕೆಲವು ಮಾತ್ರ ಒಟ್ಟಾಗಿ ಒಂದು ಕಡೆಗೆ ಸರಿಯುತ್ತವೆ. ಕಣದಲ್ಲಿ ಮೊರದಿಂದ ತೂರುವಾಗ ಎಲ್ಲ ಕಡೆ ಚೆದರುವ ಹೊಟ್ಟಿನ ನಡುವೆ ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳಬೇಕಾದಂಥ ಕೆಲಸ ಅದು. ಒಟ್ಟಾಗಿ ಸರಿಯುವ ಚುಕ್ಕೆಗಳ ಪಾಲನ್ನು ಶೇಕಡಾ 100ರಿಂದ ಒಂದಂಕಿಯವರೆಗೆ ಇಳಿಸಬಹುದು. ಕೋತಿ ತಾನು ಕಂಡ ದಿಕ್ಕಿಗೆ ಕಣ್ಣು ಹೊರಳಿಸಿ ಉತ್ತರ ಹೇಳುತ್ತದೆ, ಸರಿಯಾದರೆ ಒಂದು ಗುಟುಕು ಹಣ್ಣಿನ ರಸ. 1988ರಲ್ಲಿ ನ್ಯೂಸಮ್ ಮತ್ತು ಎಡ್ಮಂಡ್ ಪಾರೆ ಎಂಟಿಯ ಕೋಶಗಳನ್ನು ರಾಸಾಯನಿಕದಿಂದ ಕೆಡಿಸಿ ನೋಡಿದರು. ಕೋತಿಗೆ ಉಳಿದ ನೋಟ ಸರಿಯಾಗಿಯೇ ಇತ್ತು. ಚುಕ್ಕೆಗಳ ದಿಕ್ಕು ಹೇಳಲು ಮಾತ್ರ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು ಚುಕ್ಕೆಗಳು ಒಟ್ಟಾಗಿ ಸರಿಯಬೇಕಾಯಿತು. 1989ರಲ್ಲಿ ಇನ್ನೊಂದು ಅಚ್ಚರಿ. ಎಂಟಿಯ ಕೆಲವು ಕೋಶಗಳ ಪೈಕಿ ಒಂದೇ ಕೋಶದ ಮಿಡಿತವನ್ನು ಎಣಿಸಿ ದಿಕ್ಕು ಹೇಳಿದರೂ ಇಡೀ ಕೋತಿ ಹೇಳಿದಷ್ಟೇ ಸರಿಯಾಗಿ ಬರುತ್ತಿತ್ತು. ಮರುವರ್ಷ ಡೇನಿಯಲ್ ಸಾಲ್ಜ್‌ಮನ್, ಕೆನೆತ್ ಬ್ರಿಟನ್ ಜೊತೆ ಸೇರಿ ನಿರ್ಣಾಯಕ ಪ್ರಯೋಗ ಮಾಡಿದರು. ಎಂಟಿಯಲ್ಲಿ ಒಂದೇ ದಿಕ್ಕಿಗೆ ಮಿಡಿಯುವ ಕೋಶಗಳು ಒಂದೆಡೆ ಗುಂಪಾಗಿ ಇರುತ್ತವೆ. ಅಂಥ ಒಂದು ಗುಂಪಿಗೆ, ಕೋತಿ ಚುಕ್ಕೆಗಳನ್ನು ನೋಡುತ್ತಿರುವಾಗಲೇ, 10 ಮೈಕ್ರೋ ಆಂಪಿಯರ್‌ನಷ್ಟು ಸಣ್ಣ ವಿದ್ಯುತ್ ಹರಿಸಿದರು. ಕೋತಿಯ ಉತ್ತರ ಆ ಕೋಶಗಳು ಇಷ್ಟಪಡುವ ದಿಕ್ಕಿಗೆ ವಾಲಿತು. ಪರದೆಯ ಮೇಲಿನ ಚುಕ್ಕೆಗಳು ಬದಲಾಗದೆ ತಲೆಯೊಳಗಿನ ಚಲನೆ ಬದಲಾಯಿತು.

ಸಿನ್‌ಸ್ಟೆಡೆನ್‌ನ ಗಿರಣಿಗೂ ಇದೇ ಜಾಗದಲ್ಲಿ ಉತ್ತರದ ಎಳೆ ಸಿಕ್ಕಿತು. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಬ್ರಾಡ್ಲಿ, ರಿಚರ್ಡ್ ಆಂಡರ್ಸನ್ ಮತ್ತು ಸಂಗಡಿಗರು ಕೋತಿಗಳಿಗೆ ಒಂದು ಉರುಳೆಯ ಚಿತ್ರ ತೋರಿಸಿದರು. ಬರೀ ಚುಕ್ಕೆಗಳಿಂದಾದ ಪಾರದರ್ಶಕ ಉರುಳೆ. ಅರ್ಧ ಚುಕ್ಕೆಗಳು ಎಡಕ್ಕೆ, ಅರ್ಧ ಬಲಕ್ಕೆ. ಯಾವುದು ಮುಂದಿನ ಮೈ, ಯಾವುದು ಹಿಂದಿನ ಮೈ ಎಂಬ ಸುಳಿವು ಇಲ್ಲದ ಕಾರಣ ಉರುಳೆ ಈ ಕಡೆಯೂ ಸುತ್ತಬಹುದು, ಆ ಕಡೆಯೂ ಸುತ್ತಬಹುದು. ಕೋತಿಗೂ ಮನುಷ್ಯನಂತೆಯೇ ಒಮ್ಮೆ ಹೀಗೆ, ಒಮ್ಮೆ ಹಾಗೆ ಕಂಡಿತು. ಚಿತ್ರ ಒಂದೇ ಆದರೂ ಕೋತಿ ಯಾವ ಕಡೆ ಸುತ್ತುತ್ತಿದೆ ಎಂದು ತಿಳಿಸಿತೋ ಅದಕ್ಕೆ ತಕ್ಕಂತೆ ಎಂಟಿಯ ಅನೇಕ ಕೋಶಗಳ ಮಿಡಿತ ಏರುತ್ತಿತ್ತು, ಇಳಿಯುತ್ತಿತ್ತು. ಬೆಳುಗುಪ್ಪದ ಬಯಲಲ್ಲಿ ಅಲಗುಗಳು ಹಿಂದುಮುಂದಾದಾಗ ನೋಡುವವರ ಕಪಾಲದ ಬದಿಯಲ್ಲಿ ನಡೆಯುವುದೂ ಇದೇ ಬಗೆಯ ಹೊರಳಾಟ ಎಂದು ನಂಬಲು ಒಳ್ಳೆಯ ಕಾರಣವಿದೆ.

ಇಷ್ಟೆಲ್ಲ ಹೊರದೇಶಗಳಲ್ಲಿ ನಡೆಯುವಾಗ ಕೋತಿಗಳ ತವರಾದ ಭಾರತದಲ್ಲಿ ಈ ಬಗೆಯ ಕೆಲಸ ಬೆಳೆದದ್ದು ತಡವಾಗಿ. ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆಯ ಜೊತೆ ಬೆಳೆದ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ನರವಿಜ್ಞಾನದ ದೊಡ್ಡ ನೆಲೆ ಅದು. ದೆಹಲಿಯ ಪಕ್ಕದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದ ವಿಜಯಲಕ್ಷ್ಮಿ ರವೀಂದ್ರನಾಥ್ ಬಳಿಕ ಬೆಂಗಳೂರಿಗೆ ಬಂದು 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನು ಆರಂಭಿಸಿದರು. ಆದಿತ್ಯ ಮೂರ್ತಿ, ಎಸ್.ಪಿ. ಅರುಣ್, ಸುಪ್ರತಿಮ್ ರೇ ಅಲ್ಲಿ ತಮ್ಮ ಪ್ರಯೋಗಾಲಯಗಳನ್ನು ಕಟ್ಟಿದರು. ಮೂವರೂ ಅಮೆರಿಕದಲ್ಲಿ ಕೋತಿಯ ನೋಟದ ಮೇಲೆ ಪಳಗಿ ಬಂದವರು. ಅಲ್ಲಿ ಎಲ್ಲೆಲ್ಲೂ ರೀಸಸ್. ಇಲ್ಲಿ ಅವರ ಅಧ್ಯಯನಗಳಲ್ಲಿ ನಮ್ಮ ದಕ್ಷಿಣದ ಕೋತಿಗೂ ಜಾಗ ಸಿಕ್ಕಿತು.

ರೇ ಅವರ ಗುಂಪು ಗಮನಿಸಿದ್ದು ಒಂದೊಂದು ಕೋಶದ ಮಿಡಿತಕ್ಕಿಂತ ಸಾವಿರಾರು ಕೋಶಗಳು ಒಟ್ಟಾಗಿ ತೂಗುವ ಲಯವನ್ನು. ಪಟ್ಟೆಪಟ್ಟೆಯ ದೊಡ್ಡ ಚಿತ್ರ ತೋರಿಸಿದಾಗ ಕೋತಿಯ ಮೊದಲ ದೃಷ್ಟಿಕ್ಷೇತ್ರದಲ್ಲಿ ಒಂದಲ್ಲ, ಎರಡು ಬೇರೆಬೇರೆ ಗಾಮಾ ಲಯಗಳು ಏಳುತ್ತವೆ ಎಂದು ಅವರು 2018ರಲ್ಲಿ ಪ್ರಕಟಿಸಿದರು. ಒಂದು ಸೆಕೆಂಡಿಗೆ 25ರಿಂದ 45 ಸಲ ತೂಗುವ ನಿಧಾನದ್ದು, ಇನ್ನೊಂದು 45ರಿಂದ 70 ಸಲದ ವೇಗದ್ದು. ಮನುಷ್ಯರ ತಲೆಯ ಮೇಲೆ ಇಇಜಿ ತಂತಿಗಳನ್ನು ಅಂಟಿಸಿ ನೋಡಿದಾಗ ಅಲ್ಲೂ ಅವೇ ಎರಡು. ಅದೇ ವರ್ಷ ಇನ್ನೊಂದು ಲೇಖನ: ಪರದೆ ತುಂಬ ಕೆಂಪು ಬಣ್ಣ ತುಂಬಿದರೆ ಕೋತಿಯ ಮಿದುಳಿನಲ್ಲಿ ಏಳುವ ಗಾಮಾ ಲಯ ಉಳಿದ ಬಣ್ಣಗಳಿಗಿಂತ ಬಹಳ ಜೋರು. ಮುಂದೆ ಪಟ್ಟೆಚಿತ್ರದ ಪರೀಕ್ಷೆಯನ್ನು ಬೆಂಗಳೂರಿನ ಹಿರಿಯರ ಮೇಲೆ ಮಾಡಿದಾಗ ವಯಸ್ಸಾದಂತೆ ಆ ಲಯಗಳು ಕುಗ್ಗುವುದು ಕಂಡಿತು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಮೊದಲ ಹಂತದಲ್ಲಿದ್ದವರಲ್ಲಿ ಅವು ಅದೇ ವಯಸ್ಸಿನ ಆರೋಗ್ಯವಂತರಿಗಿಂತಲೂ ದುರ್ಬಲವಾಗಿದ್ದವು. ಕೋತಿಯಲ್ಲಿ ಕಲಿತ ಪಾಠ ಅಜ್ಜ ಅಜ್ಜಿಯರ ಕಾಯಿಲೆಯನ್ನು ಬೇಗ ಗುರುತಿಸುವ ದಾರಿಯಾದೀತು ಎಂಬ ಆಸೆ ಅಲ್ಲಿಂದ ಹುಟ್ಟಿದೆ.

ಮೂರ್ತಿ ಅವರದು ಕಣ್ಣಿನ ಹೊರಳಾಟದ ಕೆಲಸ. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಫೆರಿಯರ್ ಒಂದೂವರೆ ಶತಮಾನದ ಹಿಂದೆ ವಿದ್ಯುತ್ತಿನಿಂದ ತಟ್ಟಿ ಕಣ್ಣು ಹೊರಳಿಸಿದನಲ್ಲ, ಮಿದುಳಿನ ಮುಂಭಾಗದ ಅದೇ ಪ್ರದೇಶದಲ್ಲಿ ಈಗಿನ ಜಿಗಿತ ಮುಗಿಯುವ ಮೊದಲೇ ಮುಂದಿನದರ ಸಿದ್ಧತೆ ಹೇಗೆ ಸಾಗುತ್ತದೆ ಎಂಬುದನ್ನು ಅವರ ಗುಂಪು ಕೋಶಗಳ ಮಟ್ಟದಲ್ಲಿ ತೋರಿಸಿದೆ.

ಕಾಡಿನಲ್ಲಿ ಈ ಯಂತ್ರಾಂಗವೆಲ್ಲ ಯಾವುದಕ್ಕೆ ಬೇಕು ಎಂಬುದನ್ನೂ ದಕ್ಷಿಣದ ಕೋತಿಗಳೇ ತೋರಿಸಿವೆ. ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಕಾಡುಗಳಲ್ಲಿ ಈ ಕೋತಿಗಳ ಎದುರು ಚಿರತೆಯ ಬೊಂಬೆ ಇಟ್ಟು ನಡೆಸಿದ ಅಧ್ಯಯನಗಳು 2000ದಲ್ಲಿ ಪ್ರಕಟವಾದವು. ಚುಕ್ಕೆಯ ಮೈ ಕಣ್ಣಿಗೆ ಬಿದ್ದದ್ದೇ ತಡ ಕೋತಿಗಳು ಓಡಿ ಮರ ಏರುತ್ತಿದ್ದವು. ಒಣಹುಲ್ಲಿನ ನಡುವೆ ಚುಕ್ಕೆಗಳು ಸುತ್ತಲಿನ ಬಿಸಿಲು ನೆರಳಿನಲ್ಲಿ ಕರಗಿ, ಚಿರತೆ ಅಲುಗದೆ ಕೂತರೆ ಅದನ್ನು ಗುರುತಿಸುವುದು ಯಾವ ಕಣ್ಣಿಗೂ ಕಷ್ಟ. ಅದು ಒಂದು ಹೆಜ್ಜೆ ಇಟ್ಟರೆ ಅಷ್ಟೂ ಚುಕ್ಕೆಗಳು ಒಟ್ಟಿಗೆ ಸರಿಯುತ್ತವೆ, ಹುಲ್ಲು ಹಿಂದೆ ಉಳಿಯುತ್ತದೆ, ಪ್ರಾಣಿ ಹೊರಗೆ ಎದ್ದು ಬರುತ್ತದೆ. ನ್ಯೂಸಮ್ ಪರದೆಯ ಮೇಲೆ ಇಟ್ಟ ಚುಕ್ಕೆಗಳ ಲೆಕ್ಕವನ್ನೇ ಕೋತಿಯ ಪೂರ್ವಜರು ಪ್ರಾಣ ಪಣಕ್ಕಿಟ್ಟು ಮಾಡುತ್ತ ಬಂದಿದ್ದರು.

ಹುಟ್ಟುಕುರುಡು ಕಳೆದು ತಡವಾಗಿ ಕಣ್ಣು ಪಡೆದವರಲ್ಲೂ ಇದೇ ಕಂಡಿದೆ. ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಮೂಲಕ ಉತ್ತರ ಭಾರತದಲ್ಲಿ ದೃಷ್ಟಿ ಪಡೆದವರಿಗೆ ನಿಂತ ಚಿತ್ರದಲ್ಲಿ ಯಾವ ಗೆರೆ ಯಾವ ವಸ್ತುವಿನದು ಎಂದು ಬಿಡಿಸಲಾಗುತ್ತಿರಲಿಲ್ಲ. ವಸ್ತು ಸರಿದಾಡಿದರೆ ಬಿಡಿಸಲಾಗುತ್ತಿತ್ತು. 2009ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನೋಡಲು ಕಲಿಯುವುದಕ್ಕೆ ಚಲನೆಯೇ ಊರುಗೋಲು.

ಬಂಧನದಲ್ಲಿಟ್ಟ ಕೋತಿಯ ತಲೆಗೆ ತಂತಿ ಇಳಿಸುವ ಮಾತು ಓದುವಾಗ ಮನಸ್ಸು ಕಲಕುವುದು ಸಹಜ, ಕಲಕಲೇಬೇಕು. ಭಾರತದಲ್ಲಿ ಇಂಥ ಪ್ರತಿಯೊಂದು ಅಧ್ಯಯನಕ್ಕೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಕೇಂದ್ರ ಸಮಿತಿಯ ಒಪ್ಪಿಗೆ ಬೇಕು. ಮಿದುಳಿನಲ್ಲಿ ನೋವಿನ ನರತುದಿಗಳಿಲ್ಲ, ಶಸ್ತ್ರಕ್ರಿಯೆ ಅರಿವಳಿಕೆ ಕೊಟ್ಟೇ ಆಗುತ್ತದೆ. ಆದರೂ ಗಂಟೆಗಟ್ಟಲೆ ಕುರ್ಚಿಯಲ್ಲಿ ತಲೆ ಬಿಗಿಸಿಕೊಂಡು ಕೂರುವುದು ಗುಂಪಿನಲ್ಲಿ ಬದುಕುವ ಪ್ರಾಣಿಗೆ ಹಗುರಾದ ಶಿಕ್ಷೆಯಲ್ಲ. ಈ ಕಾರಣಕ್ಕೆ ಅರುಣ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಮಾಡಿದ ಕೆಲಸಕ್ಕೆ ಹೆಚ್ಚಿನ ಬೆಲೆಯಿದೆ. ಕೋತಿಗಳು ಒಟ್ಟಾಗಿ ಏರಿ ಇಳಿದು ಓಡಾಡುವ ವಿಶಾಲವಾದ ಆವರಣ ಕಟ್ಟಿ, ಅದರ ಒಂದು ಗೋಡೆಯಲ್ಲಿ ಟಚ್‌ಸ್ಕ್ರೀನ್ ಇಟ್ಟರು. ಮನಸ್ಸು ಬಂದಾಗ ಕೋತಿ ತಾನೇ ಬರುತ್ತದೆ, ಗದ್ದ ಊರುವ ಜಾಗದಲ್ಲಿ ಮುಖ ಇಟ್ಟು ರಸ ಹೀರುತ್ತ ಪರದೆ ಮುಟ್ಟಿ ಉತ್ತರಿಸುತ್ತದೆ. ಅಷ್ಟರಲ್ಲಿ ಕ್ಯಾಮೆರಾ ಅದರ ಕಣ್ಣಿನ ನೋಟ ಎಲ್ಲಿದೆ ಎಂದು ಅಳೆಯುತ್ತದೆ. 2021ರಲ್ಲಿ ಪ್ರಕಟವಾದ ಈ ವರದಿಯಲ್ಲಿ, ಎರಡು ಚಿತ್ರಗಳು ಒಂದೇ ಬಗೆಯವೋ ಬೇರೆಯೋ ಎಂದು ಹೇಳುವ ಕಷ್ಟದ ಆಟವನ್ನು ಏನೂ ತರಬೇತಿಯಿಲ್ಲದ ಕೋತಿಯೊಂದು, ಬಲ್ಲ ಸಂಗಾತಿಗಳ ಜೊತೆ ಇದ್ದು, ಅವು ಆಡುವುದನ್ನು ನೋಡುತ್ತಲೇ ಕಲಿತುಬಿಟ್ಟಿತು.

ಹೊರಗೆ ಬಯಲಲ್ಲಿ ಈ ಕೋತಿಯ ಸ್ಥಿತಿ ಅಷ್ಟು ಚೆನ್ನಾಗಿಲ್ಲ. ರೀಸಸ್ ಕೋತಿಗಳು ಉತ್ತರದಿಂದ ದಕ್ಷಿಣಕ್ಕೆ ಒತ್ತಿಬರುತ್ತಿವೆ, ದಕ್ಷಿಣದ ಕೋತಿಯ ಸೀಮೆ ಕಿರಿದಾಗುತ್ತಿದೆ ಎಂದು ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2011ರಲ್ಲೇ ಎಚ್ಚರಿಸಿದ್ದರು. ರಸ್ತೆ ಬದಿಯ ಮರಗಳು ಹೋದಂತೆ ಅವುಗಳ ನೆಲೆಯೂ ಹೋಗುತ್ತಿದೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದನ್ನು ಈಗ ಅಪಾಯದ ಅಂಚಿನ ಜೀವಿಗಳ ಸಾಲಿಗೆ ಸೇರಿಸಿದ್ದಾರೆ.

ಎಂಟಿ ಬಗ್ಗೆ ಇದುವರೆಗೆ ತಿಳಿದಿರುವುದರಲ್ಲಿ ಬಹುಪಾಲು ತಲೆ ಅಲುಗದಂತೆ ಕೂತು, ಒಂದು ಬಿಂದುವನ್ನೇ ದಿಟ್ಟಿಸಿದ ಕೋತಿಯಿಂದ ಬಂದದ್ದು. ಬಂಡೆಯಿಂದ ಬಂಡೆಗೆ ಹಾರುವ ಕೋತಿಯ ಕಣ್ಣಿನಲ್ಲಿ ಇಡೀ ಜಗತ್ತೇ ಸರಿಯುತ್ತಿರುತ್ತದೆ. ಅದರಲ್ಲಿ ತನ್ನ ಹಾರಾಟದಿಂದ ಆದ ಸರಿದಾಟ ಎಷ್ಟು, ಹೊರಗೆ ನಿಜವಾಗಿ ಅಲುಗಿದ್ದು ಎಷ್ಟು ಎಂದು ಕ್ಷಣಾರ್ಧದಲ್ಲಿ ಬೇರ್ಪಡಿಸಬೇಕು. ಎಂಟಿಯ ಪಕ್ಕದ ‘ಎಂಎಸ್‌ಟಿ’ ಎಂಬ ಪ್ರದೇಶ ಈ ಲೆಕ್ಕದಲ್ಲಿ ತೊಡಗುತ್ತದೆ ಎಂಬುದು 1980ರ ದಶಕದಿಂದಲೂ ತಿಳಿದಿದೆ. ತಂತಿಯಿಲ್ಲದೆ ಸಂಕೇತ ಕಳಿಸುವ ಪುಟ್ಟ ಸಾಧನಗಳು ಬಂದಿರುವುದರಿಂದ, ಆ ಲೆಕ್ಕವನ್ನು ಕೋತಿ ತನ್ನಿಚ್ಛೆಯಂತೆ ನಡೆದು, ಏರಿ, ಹಾರುವಾಗಲೇ ಕೇಳಿಸಿಕೊಳ್ಳಲು ಈಗ ಸಾಧ್ಯವಾಗಿದೆ.